ಹೆಬ್ಬಾರರ ಗೆರೆ, ಪದಮ್ಸೀ ಗೆರೆ, ಆಮೆಯ ಗೆರೆ

ಕಂಪ್ಯೂಟರ್ ಬಿಡಿಸಿದ ಚಿತ್ರ ಅಂದ ಕೂಡಲೇ ಮೂಗು ಮುರಿಯುವವರು ಬಹಳ. "ನಿಯಮ ಕೊಟ್ಟರೆ ಯಂತ್ರ ಗೆರೆ ಎಳೆಯುತ್ತೆ, ಅದರಲ್ಲಿ ಕಲೆ ಎಲ್ಲಿಂದ ಬಂತು?" ಅಂತ ಕೇಳ್ತಾರೆ. ಆದರೆ ನಿಯಮ ಹಿಡಿದು ಗೆರೆ ಎಳೆಯುವ ಕಲೆ ಕಂಪ್ಯೂಟರ್ ಜತೆ ಹುಟ್ಟಿದ್ದಲ್ಲ. ನಮ್ಮ ಈ ಮುಂಬೈಯಲ್ಲೇ ಒಬ್ಬ ದೊಡ್ಡ ಕಲಾವಿದ ಅದನ್ನು ಬರೀ ಕೈಯಲ್ಲಿ ಮಾಡಿ ತೋರಿಸಿದ್ದರು.

ಮೊದಲು ನಮ್ಮವರಿಂದಲೇ ಶುರು ಮಾಡೋಣ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಮುಂಬೈಗೆ ಬಂದು ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಕೊನೆಯವರೆಗೂ ಇಲ್ಲಿಯವರೇ ಆಗಿ ಉಳಿದರು. ಅವರ ರೇಖಾಚಿತ್ರಗಳ ಪುಸ್ತಕ 'ದ ಸಿಂಗಿಂಗ್ ಲೈನ್' ಬಂದದ್ದು 1964ರಲ್ಲಿ. ಹೆಸರೇ ಹೇಳುತ್ತೆ ನೋಡಿ, ಹಾಡುವ ಗೆರೆ. ನಾಟ್ಯದ ಒಂದು ಭಂಗಿ ಕಣ್ಣಿಗೆ ಬಿತ್ತು, ಕೈ ಓಡಿತು, ಮುಗೀತು. ಅಲ್ಲಿ ಗೆರೆಯನ್ನು ನಡೆಸುವುದು ಕಣ್ಣು ಮತ್ತು ಲಯ.

ಅದೇ ಜೆ. ಜೆ.ಯಲ್ಲಿ ಕಲಿತ ಇನ್ನೊಬ್ಬರು ಅಕ್ಬರ್ ಪದಮ್ಸೀ. 1969ರಲ್ಲಿ ಅವರಿಗೆ ಜವಾಹರಲಾಲ್ ನೆಹರೂ ಫೆಲೋಶಿಪ್ ಸಿಕ್ಕಿತು. ಆ ಹಣದಲ್ಲಿ ಮುಂಬೈಯಲ್ಲೇ 'ವಿಷನ್ ಎಕ್ಸ್‌ಚೇಂಜ್ ವರ್ಕ್‌ಶಾಪ್' ಅಂತ ಒಂದು ಜಾಗ ಮಾಡಿ ಚಿತ್ರಕಾರರು, ಸಿನಿಮಾದವರು ಎಲ್ಲರನ್ನೂ ಸೇರಿಸಿದರು. ನಳಿನಿ ಮಲಾನಿ ತಮ್ಮ ಮೊದಮೊದಲ ಪ್ರಯೋಗಗಳನ್ನು ಮಾಡಿದ್ದು ಅಲ್ಲೇ. ಪದಮ್ಸೀ ಸ್ವತಃ ಮಾಡಿದ್ದು 'ಸಿಜಿಜಿ' ಅನ್ನುವ 16 ಮಿ.ಮೀ. ಕಿರುಚಿತ್ರ. ಮಾತಿಲ್ಲ, ಕತೆಯಿಲ್ಲ, ಬಣ್ಣವಿಲ್ಲ. ಬಿಂದುಗಳು ಬರುತ್ತವೆ, ಗೆರೆಗಳಾಗುತ್ತವೆ, ಗೆರೆಗಳು ಬಲೆಯಾಗುತ್ತವೆ. ಯಾವ ಗೆರೆ ಎಲ್ಲಿಗೆ ಅನ್ನುವುದನ್ನು ನಡೆಸಿದ್ದು ಸಂಖ್ಯೆಗಳ ಲೆಕ್ಕ. ಸುಮಾರು ಸಾವಿರ ಚಿತ್ರಗಳನ್ನು ಹೀಗೆ ಕೈಯಲ್ಲೇ ಬರೆದರು. ಅವುಗಳಿಗೆ ಚಲನೆ ಕೊಟ್ಟವರು ಫಿಲ್ಮ್ಸ್ ಡಿವಿಜನ್‌ನ ಕಾರ್ಟೂನ್ ವಿಭಾಗದಲ್ಲಿ ಪಳಗಿದ್ದ ರಾಮ್ ಮೋಹನ್. ಇದು 1970ರ ಮಾತು. ಇವತ್ತು ನಾಲ್ಕು ಸಾಲಿನ ಕೋಡ್ ಮಾಡುವ ಕೆಲಸವನ್ನು ಆಗ ಮನುಷ್ಯರು ಪೆನ್ನು, ಸ್ಕೇಲು ಹಿಡಿದು ಮಾಡಿದ್ದರು!

ಈಗ ಆಮೆಗೆ ಬರೋಣ. ಮುಂಬೈಯಿಂದ ಬಹುದೂರ, ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1967ರಲ್ಲಿ ಸೀಮೋರ್ ಪ್ಯಾಪರ್ಟ್, ವಾಲಿ ಫ್ಯೂರ್ಜೈಗ್, ಸಿಂಥಿಯಾ ಸೊಲೊಮನ್ ಮತ್ತು ಜತೆಗಾರರು ಮಕ್ಕಳಿಗಾಗಿ 'ಲೋಗೋ' ಎಂಬ ಭಾಷೆ ಮಾಡಿದರು. ಸ್ವಲ್ಪ ಸಮಯದಲ್ಲೇ ಅದಕ್ಕೊಂದು ಆಮೆ ಸೇರಿತು. ಆಮೆಗೆ ತಿಳಿಯುವುದು ಇಷ್ಟೇ: ಇಷ್ಟು ಮುಂದೆ ಹೋಗು, ಇಷ್ಟು ಡಿಗ್ರಿ ತಿರುಗು. ಹೋದ ದಾರಿಯೇ ಗೆರೆ. 100 ಹೆಜ್ಜೆ ಮುಂದೆ, 90 ಡಿಗ್ರಿ ಬಲಕ್ಕೆ, ಹೀಗೆ 4 ಸಲ ಅಂದರೆ ಚೌಕ. 90ರ ಬದಲು 144 ಇಟ್ಟು 5 ಸಲ ಅಂದರೆ ಐದು ಮೂಲೆಯ ನಕ್ಷತ್ರ. ಒಂದೇ ಒಂದು ಡಿಗ್ರಿ ಜಾಸ್ತಿ ಮಾಡಿ 145 ಇಡಿ. 5 ಸಲಕ್ಕೆ ಚಿತ್ರ ಕೂಡುವುದಿಲ್ಲ. ಸರಿಯಾಗಿ 72 ಗೆರೆಗಳಾದ ಮೇಲೆ ಆಮೆ ಹೊರಟ ಜಾಗಕ್ಕೇ ಮರಳುತ್ತೆ, ಅಷ್ಟರಲ್ಲಿ ಪರದೆ ಮೇಲೆ ಒಂದು ದುಂಡು ಜಾಲರಿ ಅರಳಿರುತ್ತೆ. ಕೋಡ್ ಬರೆದವರಿಗೂ ಅದು ಆಶ್ಚರ್ಯವೇ. ಈ ಆಮೆ ಈಗ ಪೈಥಾನ್ ಜತೆ ಪುಕ್ಕಟೆ ಬರುತ್ತೆ, ಬೇಕಾದವರು ಇವತ್ತೇ ಪ್ರಯತ್ನಿಸಿ ನೋಡಬಹುದು.

ಇದನ್ನು ಓದ್ತಾ ಓದ್ತಾ ನಿಮಗೆ ಊರಿನ ಅಂಗಳ ನೆನಪಾಗಿರಬೇಕು. "ಸಂದು ಚುಕ್ಕಿ, 7ರಿಂದ 4" ಅಂತ ಒಬ್ಬರು ಹೇಳಿದರೆ ಸಾಕು, ಇನ್ನೊಬ್ಬರು ನಡುವೆ 7, ಮೇಲೂ ಕೆಳಗೂ 6, 5, 4 ಅಂತ 37 ಚುಕ್ಕಿ ಇಟ್ಟು ಎಳೆ ಸುತ್ತಿಸಿಬಿಡ್ತಾರೆ. ಅದೂ ಕೋಡೇ! ವಿದ್ವಾಂಸರೂ ಇದನ್ನು ಗಮನಿಸದೆ ಇಲ್ಲ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ, ಅವರ ಜತೆ ಕಮಲಾ ಕೃತಿವಾಸನ್ 1974ರಲ್ಲಿ ಕೋಲಂಗೆ ಗಣಿತದ ವ್ಯಾಕರಣ ಬರೆದರು. ಎಂಬತ್ತರ ದಶಕದಲ್ಲಿ ಗಿಡಬಳ್ಳಿಗಳನ್ನು ಆಮೆಯಿಂದ ಬಿಡಿಸುತ್ತಿದ್ದ ಪ್ರುಸಿಂಕೀವಿಚ್ ಅದೇ ಆಮೆಯಿಂದ ಕೋಲಂ ಕೂಡ ಹಾಕಿಸಿದರು.

ನನಗೆ ಮುಖ್ಯ ಅನ್ನಿಸುವುದು ಬೇರೆ ವಿಷಯ. ಪದಮ್ಸೀ ಅದೇ ಕಾಲದಲ್ಲಿ ಮಾಡಿದ ಇನ್ನೊಂದು ಚಿತ್ರ 'ಈವೆಂಟ್ಸ್ ಇನ್ ಎ ಕ್ಲೌಡ್ ಚೇಂಬರ್'. ಇದ್ದದ್ದು ಒಂದೇ ಪ್ರಿಂಟು, ಅದು ಕಳೆದೇ ಹೋಯಿತು. 2016ರಲ್ಲಿ ನಿರ್ದೇಶಕ ಆಶಿಮ್ ಅಹ್ಲುವಾಲಿಯಾ ವಯಸ್ಸಾದ ಪದಮ್ಸೀಯವರನ್ನು ಕೂರಿಸಿಕೊಂಡು ನೆನಪಿನಿಂದಲೇ ಅದನ್ನು ಮತ್ತೆ ಕಟ್ಟಬೇಕಾಯಿತು. ಪದಮ್ಸೀ 2020ರಲ್ಲಿ ತೀರಿಕೊಂಡರು. ಜೋಪಾನವಾಗಿ ಇಡಬೇಕಾಗಿದ್ದ ಫಿಲ್ಮು ಹೋಯಿತು, ದಿನಾ ಬೆಳಿಗ್ಗೆ ಗುಡಿಸಿ ಹಾಕುವ ರಂಗೋಲಿ ಮಾತ್ರ ಉಳಿದಿದೆ! ಯಾಕೆ? ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿದ್ದು ಚಿತ್ರ ಅಲ್ಲ, ನಿಯಮ.

ಹಾಗಂತ ನಿಶ್ಚಿಂತೆಯಿಂದ ಇರೋ ಹಾಗೂ ಇಲ್ಲ. ಈ ಊರಿನ ಫ್ಲ್ಯಾಟುಗಳಲ್ಲಿ ಹೊಸ್ತಿಲ ಮುಂದೆ ಎರಡಡಿ ಜಾಗ ಸಿಕ್ಕಿದರೆ ಪುಣ್ಯ. ಅಲ್ಲಿ ಪ್ಲಾಸ್ಟಿಕ್ ಸ್ಟಿಕ್ಕರ್ ರಂಗೋಲಿ ಕೂತಿರುತ್ತೆ. ನೋಡೋಕೆ ಚೆನ್ನಾಗಿದೆ, ಅಳಿಸಿಯೂ ಹೋಗೋದಿಲ್ಲ. ಆದರೆ ಅದರಲ್ಲಿ ಚಿತ್ರ ಮಾತ್ರ ಇದೆ, ಎಳೆ ಎಲ್ಲಿಂದ ಹೊರಟು ಹೇಗೆ ತಿರುಗಿತು ಅನ್ನೋದು ಇಲ್ಲ. ಅದನ್ನು ನೋಡಿ ಬೆಳೆದ ಹುಡುಗಿಗೆ ಇನ್ನೊಂದು ರಂಗೋಲಿ ಹುಟ್ಟಿಸೋಕೆ ಬರುವುದಿಲ್ಲ.

ಅದಕ್ಕೇ ಕಂಪ್ಯೂಟರ್ ಆಮೆಯನ್ನು ನಾನು ಯಂತ್ರದ ಆಟ ಅಂತ ತಳ್ಳಿಹಾಕಲಾರೆ. ಮನೆಯಲ್ಲಿ ಪೈಥಾನ್ ಕಲಿಯುವ ಮಕ್ಕಳಿದ್ದರೆ ಅವರನ್ನು ಅಜ್ಜಿ ಪಕ್ಕ ಕೂರಿಸಿ. ಅಜ್ಜಿ ಚುಕ್ಕಿ ಲೆಕ್ಕ ಹೇಳಲಿ, ಮಕ್ಕಳು ಅದನ್ನು ಆಮೆಗೆ ಹೇಳಲಿ. ಎಲ್ಲಿ ತಪ್ಪಿತು ಅಂತ ಮೊದಲು ಕಂಡುಹಿಡಿಯುವವರು ಅಜ್ಜಿಯೇ, ಬೇಕಾದರೆ ನೋಡಿ.