ಆಗ್ಸ್‌ಬರ್ಗ್ ಜಂಟಿ ಘೋಷಣೆ: ವಿಶ್ವಾಸವೋ, ಸತ್ಕಾರ್ಯವೋ?

ಪಾಪಿಯಾದ ಮನುಷ್ಯನು ದೇವರ ಮುಂದೆ ನೀತಿವಂತನಾಗುವುದು ಹೇಗೆ? ವಿಶ್ವಾಸದಿಂದಲೋ, ಸತ್ಕಾರ್ಯಗಳಿಂದಲೋ? ಹದಿನಾರನೇ ಶತಮಾನದಲ್ಲಿ ಪಾಶ್ಚಾತ್ಯ ಧರ್ಮಸಭೆ ಒಡೆಯಲು ಮುಖ್ಯ ಕಾರಣಗಳಲ್ಲಿ ಈ ಪ್ರಶ್ನೆಯೂ ಒಂದು. ಕಥೋಲಿಕರೂ ಲೂಥರನ್ನರೂ ಸೇರಿ ಇದಕ್ಕೆ ಕೊಟ್ಟ ಉತ್ತರವೇ ‘ನೀತೀಕರಣ ಸಿದ್ಧಾಂತದ ಕುರಿತ ಜಂಟಿ ಘೋಷಣೆ’. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಕಾರ್ಡಿನಲ್ ಎಡ್ವರ್ಡ್ ಕ್ಯಾಸಿಡಿ ಹಾಗೂ ಲೂಥರನ್ ವಿಶ್ವ ಒಕ್ಕೂಟದ ಅಧ್ಯಕ್ಷ ಬಿಷಪ್ ಕ್ರಿಸ್ಟಿಯನ್ ಕ್ರೌಸೆ ಮೊದಲಾದವರು ಇದನ್ನು ದೃಢೀಕರಿಸುವ ಹೇಳಿಕೆಗೆ ಸಹಿ ಹಾಕಿದರು.

ಹಿನ್ನೆಲೆ

ಮನುಷ್ಯನು ವಿಶ್ವಾಸದಿಂದ ಮಾತ್ರ ನೀತಿವಂತನಾಗುತ್ತಾನೆ ಎಂದು ಮಾರ್ಟಿನ್ ಲೂಥರ್ ಬೋಧಿಸಿದರು. ಟ್ರೆಂಟ್ ಮಹಾಸಭೆ 1547ರಲ್ಲಿ ಈ ವಿಷಯದ ಕಥೋಲಿಕ ಬೋಧನೆಯನ್ನು ನಿರೂಪಿಸಿ, ವಿರುದ್ಧ ಅಭಿಪ್ರಾಯಗಳನ್ನು ಖಂಡಿಸಿತು. ಲೂಥರನ್ನರ ಕಡೆಯಿಂದಲೂ ಖಂಡನೆಗಳು ಬಂದವು. ನಾಲ್ಕು ಶತಮಾನಗಳ ನಂತರ, ಎರಡನೇ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಕ್ರೈಸ್ತ ಐಕ್ಯದ ಕುರಿತ ಆದೇಶವನ್ನು ಹೊರಡಿಸಿತು. 1967ರಲ್ಲಿ ಅಧಿಕೃತ ಸಂವಾದ ಆರಂಭವಾಯಿತು.

ಘೋಷಣೆಯ ಸಾರ

ಘೋಷಣೆಯಲ್ಲಿ 44 ಪರಿಚ್ಛೇದಗಳಿವೆ. ಅದರ ಹೃದಯ 15ನೆಯದು. ಅದರ ತಾತ್ಪರ್ಯ ಇಷ್ಟು: ದೇವರು ನಮ್ಮನ್ನು ಸ್ವೀಕರಿಸುವುದು ನಮ್ಮ ಯೋಗ್ಯತೆಯನ್ನು ನೋಡಿ ಅಲ್ಲ, ಕೇವಲ ಕೃಪೆಯಿಂದ, ಕ್ರಿಸ್ತರ ರಕ್ಷಣಾಕಾರ್ಯದಲ್ಲಿ ನಾವಿಡುವ ವಿಶ್ವಾಸದ ಮೂಲಕ. ಹಾಗೆ ಸ್ವೀಕೃತರಾದ ನಮಗೆ ಪವಿತ್ರಾತ್ಮರನ್ನು ನೀಡುತ್ತಾರೆ. ಅವರು ನಮ್ಮ ಹೃದಯವನ್ನು ನವೀಕರಿಸಿ ಸತ್ಕಾರ್ಯಗಳಿಗೆ ಅಣಿಗೊಳಿಸುತ್ತಾರೆ. ಸತ್ಕಾರ್ಯಗಳು ನೀತೀಕರಣದ ಫಲವೇ ಹೊರತು ಅದಕ್ಕೆ ತೆರುವ ಬೆಲೆಯಲ್ಲ.

ವ್ಯತ್ಯಾಸಗಳು ಮಾಯವಾಗಿಲ್ಲ. ಜ್ಞಾನಸ್ನಾನದ ನಂತರವೂ ಮನುಷ್ಯ ಒಂದೇ ವೇಳೆ ನೀತಿವಂತನೂ ಪಾಪಿಯೂ ಆಗಿರುತ್ತಾನೆ ಎನ್ನುತ್ತಾರೆ ಲೂಥರನ್ನರು. ಪಾಪ ತೊಳೆದುಹೋಗಿದೆ, ಪಾಪದ ಕಡೆಗಿನ ಸೆಳೆತ ಮಾತ್ರ ಉಳಿದಿದೆ ಎನ್ನುತ್ತೇವೆ ನಾವು. ಇಂತಹ ಭಿನ್ನತೆಗಳು ಮೂಲಭೂತ ಒಮ್ಮತವನ್ನು ಕೆಡಿಸವು ಎಂಬುದು ಘೋಷಣೆಯ ನಿಲುವು. ಟ್ರೆಂಟ್ ಮಹಾಸಭೆಯ ಬೋಧನೆ ರದ್ದಾಗಿಲ್ಲ. ಆದರೆ ಇಲ್ಲಿ ವಿವರಿಸಿದ ಲೂಥರನ್ ಬೋಧನೆಗೆ ಅದರ ಖಂಡನೆ ಅನ್ವಯಿಸದು. ಲೂಥರನ್ನರ ಖಂಡನೆಯೂ ಇಲ್ಲಿರುವ ಕಥೋಲಿಕ ಬೋಧನೆಗೆ ಅನ್ವಯಿಸದು.

ಜೊತೆಗೂಡಿದವರು

2006ರಲ್ಲಿ ಮೆಥೊಡಿಸ್ಟರು ಸಿಯೋಲ್‌ನಲ್ಲಿ ಇದಕ್ಕೆ ಸಮ್ಮತಿ ಸೂಚಿಸಿದರು. 2016ರಲ್ಲಿ ಆಂಗ್ಲಿಕನ್ ಸಲಹಾ ಮಂಡಳಿ ಸಾರಾಂಶವನ್ನು ಸ್ವಾಗತಿಸಿತು. 2017ರಲ್ಲಿ ರಿಫಾರ್ಮ್ಡ್ ಸಭೆಗಳ ವಿಶ್ವ ಒಕ್ಕೂಟ ವಿಟೆನ್‌ಬರ್ಗ್‌ನಲ್ಲಿ ಜೊತೆಗೂಡಿತು. ನಮ್ಮ ನೆರೆಯ ಸಿ.ಎಸ್.ಐ. ಸಭೆ ಈ ಮೂರೂ ವಿಶ್ವ ಬಳಗಗಳ ಸದಸ್ಯ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಸಭೆಗಳು ಇಂದು ಈ ಸಿ.ಎಸ್.ಐ.ಯೊಳಗಿವೆ.

ಉಳಿದ ಹಾದಿ

ಪರಮಪ್ರಸಾದ, ಯಾಜಕತ್ವ, ಪೋಪ್ ಪದವಿ ಇವುಗಳ ಕುರಿತು ಒಮ್ಮತವಾಗಿಲ್ಲ. ಎರಡು ಸಭೆಗಳಿಗೆ ಸೇರಿದ ದಂಪತಿಗೆ ಈ ನೋವು ಪ್ರತಿ ಭಾನುವಾರವೂ ಗೊತ್ತು: ಒಂದೇ ಮನೆಯಲ್ಲಿ ಉಂಡವರು ಒಂದೇ ಬಲಿಪೀಠದಿಂದ ಸಾಮಾನ್ಯವಾಗಿ ಸ್ವೀಕರಿಸಲಾರರು. ಆದರೂ ‘ಅವರಿಗೆ ಸತ್ಕಾರ್ಯ ಬೇಡ’ ಎಂದು ನಾವಾಗಲಿ, ‘ಇವರು ಪುಣ್ಯ ಕೊಟ್ಟು ಸ್ವರ್ಗ ಕೊಳ್ಳುತ್ತಾರೆ’ ಎಂದು ಅವರಾಗಲಿ ಹೇಳುವುದು ಇನ್ನು ಸತ್ಯವಲ್ಲ. ಜನವರಿ 18ರಿಂದ 25ರವರೆಗಿನ ಐಕ್ಯ ಪ್ರಾರ್ಥನಾ ಸಪ್ತಾಹಕ್ಕೆ ಸೇರುವಾಗ ಇಷ್ಟಾದರೂ ನಮ್ಮ ನೆನಪಿನಲ್ಲಿರಲಿ.