ಮದ್ದಿನ ಗಿಡಕ್ಕೆ ಎಷ್ಟು ನೀರು?

ನಾನಿರುವ ವಸಂತ್ ಕುಂಜ್, 1980ರ ದಶಕದಲ್ಲಿ ಅರಾವಳಿಯ ಕಲ್ಲುನೆಲದ ಮೇಲೆ ಎದ್ದ ಬಡಾವಣೆ. ಬೇಸಿಗೆ ಬಂತೆಂದರೆ ಮನೆಬಳಕೆಗೇ ಟ್ಯಾಂಕರ್ ಕಾಯಬೇಕು. ಇಂಥ ಕಡೆ ಕುಂಡದ ಅಶ್ವಗಂಧಕ್ಕೆ ಎಷ್ಟು ನೀರು ಹಾಕಬೇಕೆಂದು ಯೋಚಿಸುತ್ತಾ ಹಳೆಯ ಪುಸ್ತಕಗಳ ಕಡೆ ಹೊರಳಿದೆ.

ಚರಕಸಂಹಿತೆಯ ಕಲ್ಪಸ್ಥಾನ ನೆಲವನ್ನು ಜಾಂಗಲ, ಆನೂಪ, ಸಾಧಾರಣ ಎಂದು ಮೂರು ಬಗೆ ಮಾಡುತ್ತದೆ. ಜಾಂಗಲವೆಂದರೆ ಒಣನಾಡು, ಆನೂಪವೆಂದರೆ ನೀರು ನಿಲ್ಲುವ ನಾಡು. ಮೂಲಿಕೆ ತರಬೇಕಾದದ್ದು ಸಾಧಾರಣ ಅಥವಾ ಜಾಂಗಲ ನೆಲದಿಂದ. ನೀರು ಹೆಚ್ಚಿದ್ದರೆ ಮದ್ದು ಹೆಚ್ಚು ಎಂದು ಅದು ನಂಬಿರಲಿಲ್ಲ.

6ನೆಯ ಶತಮಾನದ ವರಾಹಮಿಹಿರ, ನೆಟ್ಟ ಮರಗಳಿಗೆ ಬೇಸಿಗೆಯಲ್ಲಿ ಬೆಳಿಗ್ಗೆ ಸಂಜೆ, ಚಳಿಗಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ನೆಲ ಒಣಗಿದಾಗ ನೀರುಣಿಸಲು ಹೇಳಿದ. 1025ರ ಸುಮಾರಿಗೆ, ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಚಾವುಂಡರಾಯ ಕನ್ನಡದಲ್ಲೇ 'ಲೋಕೋಪಕಾರ' ಬರೆದ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಬೇರೆ. ಅಂತರ್ಜಲ ಹುಡುಕುವ ವಿದ್ಯೆಯೂ ವೃಕ್ಷಾಯುರ್ವೇದವೂ ಅದೇ ಗ್ರಂಥದಲ್ಲಿವೆ. ಬಯಲುಸೀಮೆಯವರಿಗೆ ಅವೆರಡೂ ಒಂದೇ ಚಿಂತೆಯ ಎರಡು ಮುಖ.

ವರಾಹಮಿಹಿರನ ಮಾಳವದಲ್ಲೇ, ಮಂದಸೌರ್–ನೀಮಚ್ ಕಡೆ, ಇಂದು ಅಶ್ವಗಂಧ ದೊಡ್ಡ ಬೆಳೆ. ನಮ್ಮಲ್ಲಿ ಅದನ್ನು ಹಿರೇಮದ್ದು ಎನ್ನುತ್ತಾರೆ. ಮಳೆಗಾಲದ ಕೊನೆಗೆ ಬಿತ್ತಿ, ಉಳಿದ ತೇವದಲ್ಲೇ ಬೆಳೆಸಿ, ಐದಾರು ತಿಂಗಳಿಗೆ ಬೇರು ಕೀಳುತ್ತಾರೆ. ಮಂದಸೌರ್‌ನ ಸಂಶೋಧಕರು ಕೊಟ್ಟ 'ಜವಾಹರ್ ಅಸಗಂಧ್-20' ತಳಿ ಇಂಥ ಹೊಲಗಳಿಗೆಂದೇ ಬಂದದ್ದು.

ನೀರು ಕಡಿಮೆಯಾದಾಗ ಗಿಡದಲ್ಲಿ ಅಬ್ಸಿಸಿಕ್ ಆಮ್ಲ ಹೆಚ್ಚಿ ಎಲೆಯ ರಂಧ್ರಗಳು ಮುಚ್ಚುತ್ತವೆ. ಬೆಳವಣಿಗೆ ನಿಧಾನವಾಗುತ್ತದೆ. ಹಲವು ಗಿಡಗಳಲ್ಲಿ, ತಮ್ಮ ರಕ್ಷಣೆಗೆ ಅವು ತಯಾರಿಸುವ ಸತ್ವಗಳು ಆಗ ಹೆಚ್ಚುತ್ತವೆ. ನಾವು ಮದ್ದೆನ್ನುವುದು ಆ ಸತ್ವಗಳನ್ನೇ. ಆದರೆ ಬರ ಬಲವಾದರೆ ಬೇರೇ ಸಣ್ಣಗಾಗಿ ರೈತನ ಕೈಗೆ ಏನೂ ಉಳಿಯುವುದಿಲ್ಲ.

ಇಕ್ಕಟ್ಟು ಇರುವುದು ಇಲ್ಲಿಯೇ. ಮಂಡಿಯಲ್ಲಿ ಬೇರಿಗೆ ಬೆಲೆ ಕಟ್ಟುವುದು ತೂಕ, ದಪ್ಪ ನೋಡಿ; ರೋಗಿಗೆ ಬೇಕಾದದ್ದು ಸತ್ವ. ತೂಕಕ್ಕೆ ಹಣ ಸಿಗುವಾಗ ರೈತ ಕೊಳವೆಬಾವಿ ಓಡಿಸಿದರೆ ತಪ್ಪೆನ್ನಲಾರೆ. ಸಸಿ ಬೇರೂರುವವರೆಗೆ ನೀರು, ಆಮೇಲೆ ಗೊಬ್ಬರ, ಬುಡಕ್ಕೆ ಸೊಪ್ಪಿನ ಹೊದಿಕೆ, ತಕ್ಕ ತಳಿ: ಬರ ತಾಳಲು ಗಿಡಕ್ಕೆ ಇಷ್ಟು ಆಸರೆ ಸಾಕಾಗಬಹುದು. ಸತ್ವ ಅಳೆದು ಬೆಲೆ ಕಟ್ಟುವ ಮಂಡಿ ಬಂದರೆ ಚರಕನ ಮಾತು ರೈತನಿಗೂ ಲಾಭದ ಮಾತಾದೀತು.