ಗಾಲಿ ಜಾಡು: ತಪ್ಪು ಬರೀ ಟಾರಿನದ್ದಲ್ಲ
ಹುಣಸೂರು, ಪಿರಿಯಾಪಟ್ಟಣ ದಾಟುವ ಹೆದ್ದಾರಿ 275ರಲ್ಲಿ ತಂಬಾಕಿನ ಲಾರಿ, ಕೆ.ಆರ್. ನಗರದ ಕಡೆ ಕಬ್ಬಿನ ಟ್ರ್ಯಾಕ್ಟರ್. ಭಾರದ ಗಾಡಿ ನಿಧಾನವಾದಷ್ಟೂ ಬಿಸಿಲಿಗೆ ಮೆತ್ತಗಾದ ಡಾಂಬರು ಹೆಚ್ಚು ಹೊತ್ತು ಒತ್ತಿಸಿಕೊಳ್ಳುತ್ತೆ, ಗಾಲಿ ಓಡುವ ಕಡೆ ತಗ್ಗು ಬೀಳುತ್ತೆ. ಇದೇ ರಟಿಂಗ್. (ಅಡಿಮಣ್ಣು ಕುಸಿದರೂ ಜಾಡು ಬೀಳುತ್ತೆ, ಅದು ಬೇರೆ ಕಥೆ.)

ನಾವೆಲ್ಲ ಟಾರನ್ನೇ ಬೈತೀವಿ. 60 ಡಿಗ್ರಿಯಲ್ಲಿ ವಿಜಿ-30ರ ಸ್ನಿಗ್ಧತೆ ಕನಿಷ್ಠ 2400 ಪಾಯ್ಸ್, ವಿಜಿ-40ರದ್ದು 3200. ಗಟ್ಟಿಯದ್ದು ಹಾಕಿದರೆ ಲಾಭ ಇದೆ, ನಿಜ. ಆದರೆ ಭಾರ ಹೊರೋದು ಮುಖ್ಯವಾಗಿ ಜಲ್ಲಿ. ಮೂಲೆಮೊನೆ ಇರುವ ಒಡೆದ ಕಲ್ಲು ಒಂದನ್ನೊಂದು ಕಚ್ಚಿಕೊಳ್ಳುತ್ತೆ, ನುಣುಪು ಕಲ್ಲು ಜಾರುತ್ತೆ. ಕಳಪೆ ಅಂದ್ರೆ ‘ಟಾರು ಕಮ್ಮಿ’ ಅಂತಷ್ಟೇ ನಾವು ಅಂದ್ಕೊಂಡಿದ್ದೀವಿ. ಟಾರು ಜಾಸ್ತಿಯಾಗಿ ಗಾಳಿಸಂದು ಶೇ 3ಕ್ಕಿಂತ ಇಳಿದರೂ ರಸ್ತೆ ಹರಿಯುತ್ತೆ.

ಎಚ್.ಡಿ. ಕೋಟೆಯಲ್ಲೋ ಹುಣಸೂರಲ್ಲೋ ಆರ್‌ಟಿಐ ಹಾಕುವವರು ಬಿಲ್ ಜೊತೆ ಮಿಕ್ಸ್ ಡಿಸೈನ್ ವರದಿಯನ್ನೂ ಕೇಳಿ.